ಬಾತು ಬೇಟೆ ಮುಗಿಯಿತು, ಇನ್ನು ದೋಣಿಯ ಸರದಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಬಾತುಗಳ ಬೇಟೆಗೆ ನಿಷೇಧವಿದೆ. ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡಬಹುದು. 16 ತುಂಬಿದವರು 25 ಡಾಲರಿನ ‘ಡಕ್ ಸ್ಟ್ಯಾಂಪ್’ ಕೊಳ್ಳಲೇಬೇಕು. 1934ರಲ್ಲಿ ಶುರುವಾದ ಈ ಸ್ಟ್ಯಾಂಪಿನ ದುಡ್ಡು ಬಹುಪಾಲು ಜವುಗುಭೂಮಿ ಉಳಿಸುವುದಕ್ಕೇ ಹೋಗುತ್ತದೆ. ಅಲ್ಲಿನ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿ ಈ ಹವ್ಯಾಸ ಹಿಡಿದ ಕನ್ನಡಿಗರಿಗೆ ಹೇಳುವುದಿಷ್ಟು: ಬೇಟೆ ಇಲ್ಲದ ತಿಂಗಳುಗಳಲ್ಲಿ ದೋಣಿಯನ್ನೂ ಜವುಗನ್ನೂ ಒಟ್ಟಿಗೇ ನೋಡಿಕೊಳ್ಳಿ. ಕೊಳೆ ಮೆತ್ತಿದ ದೋಣಿ ಒಂದು ಕೆರೆಯ ಪಿಡುಗನ್ನು ಇನ್ನೊಂದಕ್ಕೆ ಸಾಗಿಸುತ್ತದೆ.

ಕೊನೆಯ ಬೇಟೆಯ ದಿನ, ದಡದಲ್ಲೇ ಡ್ರೇನ್ ಪ್ಲಗ್ (ದೋಣಿಯೊಳಗಿನ ನೀರು ಹರಿಸುವ ಬಿರಡೆ) ಬಿಚ್ಚಿ. ಪ್ಲಗ್ ತೆಗೆಯದೆ ದೋಣಿಯನ್ನು ರಸ್ತೆಗೆ ಇಳಿಸುವುದು ಮಿನ್ನೆಸೋಟದಲ್ಲಿ ಕಾನೂನಿಗೆ ವಿರುದ್ಧ. ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಯ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ಒಂದು ಲೋಟ ನೀರಿನಲ್ಲೂ ಪಯಣಿಸುತ್ತದೆ. ಟ್ರೇಲರಿನ ಸಂದುಗೊಂದುಗಳಲ್ಲಿ ಸಿಕ್ಕಿದ ಕಳೆ ಕೀಳಿ. ಎಲ್ಲರೂ ಮರೆಯುವುದು ಬಾತುಗಳನ್ನು ಸೆಳೆಯಲು ನೀರಿಗೆ ಬಿಡುವ ತೇಲುಬೊಂಬೆಗಳ ದಾರ ಮತ್ತು ಸೀಸದ ತೂಕಗಳನ್ನು. ಅವನ್ನೂ ತೊಳೆದು, ಕನಿಷ್ಠ ಐದು ದಿನ ಒಣಗಲು ಬಿಡಿ.

ಆಮೇಲೆ ಮೋಟರ್. ಹಿಮ ಬೀಳುವ ಮುನ್ನವೇ ಇದು ಮುಗಿಯಬೇಕು. ದೋಣಿಯ ಹಿಂಬದಿಗೆ ಸಿಕ್ಕಿಸುವ ಈ ಔಟ್‌ಬೋರ್ಡ್ ಮೋಟರಿನ ಕೆಳತುದಿಯ ಸ್ಕ್ರೂ ಬಿಚ್ಚಿ ಗೇರ್ ಆಯಿಲ್ ಅನ್ನು ಬಟ್ಟಲಿಗೆ ಇಳಿಸಿ, ಬೆಳಕಿಗೆ ಹಿಡಿದು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಸೀಲ್ ಹೋಗಿದೆ, ನೀರು ಒಳಗೆ ಸೇರಿದೆ ಎಂದೇ ಅರ್ಥ. ಆ ನೀರು ಚಳಿಗೆ ಹೆಪ್ಪುಗಟ್ಟಿ ಹಿಗ್ಗಿದರೆ ಗೇರ್ ಕೇಸ್ ಸೀಳುತ್ತದೆ. ಸೀಲ್ ಬದಲಿಸಿ, ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ತುಂಬಿ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ, ನಂತರ ಕೆಳಗಿನದು. ಪೆಟ್ರೋಲ್ ಕೆಡದಂತೆ ಅದಕ್ಕೆ ಸ್ಟೆಬಿಲೈಸರ್ ಹಾಕಿ, ತಣ್ಣೀರಿನ ಹರಿವು ಕೊಟ್ಟು ಹತ್ತು ನಿಮಿಷ ಓಡಿಸಿದರೆ ಅದು ಕಾರ್ಬ್ಯುರೇಟರ್‌ವರೆಗೂ ತಲುಪುತ್ತದೆ. ಮೋಟರನ್ನು ನೆಟ್ಟಗೆ ನಿಲ್ಲಿಸಿಡಿ, ಉಳಿದ ನೀರು ತಾನಾಗಿ ಇಳಿಯುತ್ತದೆ. ಬ್ಯಾಟರಿ ಮನೆಯೊಳಗಿರಲಿ.

ಸೋರಿಕೆ ಹುಡುಕಲು ಬೇಸಿಗೆಯೇ ಸರಿ. ದೋಣಿಗೆ ಕೆಳಗಿನಿಂದ ಗಟ್ಟಿ ಆಸರೆ ಕೊಟ್ಟು, ಒಳಗೆ ನಾಲ್ಕು ಬೆರಳು ನೀರು ಬಿಡಿ. ಹೊರಗಿನಿಂದ ರಿವೆಟ್‌ಗಳ ಸಾಲು ನೋಡುತ್ತ ಹೋಗಿ, ಹನಿ ಮೂಡಿದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಸಡಿಲ ರಿವೆಟ್ ಬಿಗಿಯಲು ಇಬ್ಬರು ಬೇಕು: ಒಬ್ಬರು ಒಳಗೆ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊರಗಿನಿಂದ ಸುತ್ತಿಗೆ ಹಾಕಬೇಕು. ಟ್ರೇಲರಿನ ಬೇರಿಂಗ್‌ಗೆ ಹೊಸ ಗ್ರೀಸ್ ತುಂಬುವುದನ್ನೂ ಆಗಲೇ ಮುಗಿಸಿ.

ಇನ್ನು ಜವುಗು. ಏಪ್ರಿಲಿನಲ್ಲಿ ಮಂಜುಗಡ್ಡೆ ಕರಗಿದೊಡನೆ ದೊಡ್ಡ ಕೆರೆಗಿಂತ ಹೊಲದ ತಗ್ಗುಗಳ ಪುಟ್ಟ ಹೊಂಡಗಳನ್ನು ನೋಡಿ. ಅವು ಬೇಗ ಬೆಚ್ಚಗಾಗಿ ಹುಳುಹುಪ್ಪಟೆ ಹುಟ್ಟುತ್ತವೆ. ಮೊಟ್ಟೆಯಿಡುವ ಹೆಣ್ಣಿಗೆ ಬೇಕಾದ ಸತ್ವ ಅಲ್ಲಿದೆ. 1955ರಿಂದ ಅಮೆರಿಕ ಮತ್ತು ಕೆನಡಾ ಸೇರಿ ವಸಂತದಲ್ಲಿ ನಡೆಸುವ ವಿಮಾನ ಸಮೀಕ್ಷೆಯಲ್ಲೂ ಬಾತುಗಳ ಜೊತೆ ಹೊಂಡಗಳನ್ನು ಎಣಿಸುತ್ತಾರೆ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೆ ಬರುವ ಸೂಜಿಬಾಲದ ಬಾತಿನ ಜಾತಿ ಮಿನ್ನೆಸೋಟದಲ್ಲಿಯೂ ಇದೆ, ನೀರಿನಿಂದ ದೂರದ ಹುಲ್ಲಿನಲ್ಲಿ ಗೂಡು ಕಟ್ಟುತ್ತದೆ. ಆದ್ದರಿಂದ ಬೈನಾಕ್ಯುಲರ್ ಹಿಡಿದು ದೂರವೇ ಇರಿ. ರಾಜ್ಯದ ವನ್ಯಜೀವಿ ಪ್ರದೇಶಗಳಲ್ಲಿ ಏಪ್ರಿಲ್ 16ರಿಂದ ಜುಲೈ 14ರವರೆಗೆ ನಾಯಿಗೆ ಹಗ್ಗ ಕಡ್ಡಾಯ.

ಜೂನ್‌ನಲ್ಲಿ ನೀರಿನ ತಿಳಿ ಅಳೆಯಿರಿ. ಬಿಳಿ ತಟ್ಟೆಗೆ ತೂಕ ಕಟ್ಟಿ ದಾರದಲ್ಲಿ ಇಳಿಸಿ, ಅದು ಕಾಣದಾಗುವ ಆಳವನ್ನು ಬರೆದಿಡಿ. ಆಳ ವರ್ಷದಿಂದ ವರ್ಷಕ್ಕೆ ತಗ್ಗುತ್ತಿದ್ದರೆ, ತಳ ಕೆದಕುವ ಮೀನು ಹೆಚ್ಚಿರುವ ಶಂಕೆ ಪಡಬೇಕು. ಕೆಸರೆದ್ದ ನೀರಿನಲ್ಲಿ ಬೆಳಕು ತಳ ಮುಟ್ಟದೆ ಜಲಸಸ್ಯ ಸಾಯುತ್ತದೆ, ಬಾತು ಬೇರೆಡೆ ಹಾರುತ್ತದೆ. ಕ್ಯಾನ್ವಾಸ್‌ಬ್ಯಾಕ್ ಬಾತುಗಳಿಗೆ ಹೆಸರಾದ ಮಿನ್ನೆಸೋಟದ ಕ್ರಿಸ್ಟಿನಾ ಸರೋವರದಲ್ಲಿ ಇದೇ ಆಗಿ, 1965, 1987 ಮತ್ತು 2003ರಲ್ಲಿ ಮೀನು ತೆಗೆದು ನೀರನ್ನು ತಿಳಿಯಾಗಿಸಬೇಕಾಯಿತು.

ಅದೇ ತಿಂಗಳು, ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಾಳಿನ ಹುಲ್ಲಾದ ಕಾಡು ಅಕ್ಕಿಯ ಎಲೆಗಳು ನೀರ ಮೇಲೆ ಚಪ್ಪಟೆಯಾಗಿ ತೇಲುತ್ತವೆ. ಆಗ ಮಳೆ ಸುರಿದು ಮಟ್ಟ ದಿಢೀರನೆ ಏರಿದರೆ ಸಸಿ ಬುಡಸಮೇತ ಕಿತ್ತುಬರುತ್ತದೆ. ಮಟ್ಟ ನಿಂತ ಕೆರೆಯಲ್ಲಿ ಆಗಸ್ಟ್ ಕೊನೆಗೆ ತೆನೆ ಬಲಿಯುತ್ತದೆ. ಋತು ತೆರೆಯುವ ಮುನ್ನ ದೋಣಿಯನ್ನು ಪರೀಕ್ಷೆಗೆ ಇಳಿಸುವಾಗ ಆ ತೆನೆಯ ನಡುವೆ ಮೋಟರ್ ನುಗ್ಗಿಸಬೇಡಿ. ಉದುರಿದ ಕಾಳು ವಲಸೆ ಬಾತಿಗೆ ಊಟ, ಮಿಕ್ಕಿದ್ದು ಮುಂದಿನ ವರ್ಷದ ಬೀಜ. ಬಯಲು ನೀರಿನ ದಾರಿ ಹಿಡಿದು, ಅಂಚಿಗೆ ಬಂದಾಗ ಹುಟ್ಟು ಹಾಕಿ.