ಹಾಡುವ ಮಕ್ಕಳೇ, ಒಂದು ನಾಟಕ ಮಾಡಿ

ನನ್ನ ಹತ್ತಿರ ಸುಗಮ ಸಂಗೀತ ಕಲಿಯುವ ಎಲ್ಲರಿಗೂ ನಾನು ಹೇಳುವುದು ಇಷ್ಟೇ: ಒಂದು ನಾಟಕದಲ್ಲಿ ಪಾತ್ರ ಮಾಡಿ. ಮೇಳದಲ್ಲಿ ಕೂತು ಹಾಡೋದಲ್ಲ. ಬಣ್ಣ ಹಚ್ಚಿಕೊಂಡು, ಮಾತು ಬಾಯಿಪಾಠ ಮಾಡಿ ರಂಗದ ಮೇಲೆ ನಿಲ್ಲಬೇಕು. ಶ್ರುತಿ, ತಾಳ ನಾನು ಹೇಳಿಕೊಡುತ್ತೇನೆ. ಹಾಡನ್ನು ಯಾರಿಗೆ ಹೇಳುತ್ತಿದ್ದೀರಿ ಅನ್ನೋದನ್ನು ನಾಟಕದಷ್ಟು ಚೆನ್ನಾಗಿ ನಾನು ಕಲಿಸಲಾರೆ.

ನಮ್ಮಲ್ಲಿ ಇದು ಹೊಸದೇನಲ್ಲ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಚಿಕ್ಕಂದಿನಲ್ಲಿ ಅಣ್ಣನ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು. ರಂಗ ನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಗುಬ್ಬಿ ನಾಟಕ ಕಂಪನಿ ಸೇರಿ, ಆಮೇಲೆ ಬನಾರಸ್‌ನಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತರು.

ಊರಿನ ಹವ್ಯಾಸಿ ತಂಡವೇ ಸಾಕು. ಮೈಸೂರಿನ ಸಣ್ಣ ಮಕ್ಕಳಿಗಾದರೆ ರಂಗಾಯಣದ ಬೇಸಿಗೆ ರಂಗಶಿಬಿರ ‘ಚಿಣ್ಣರ ಮೇಳ’ ಇದೆ. ನಿಮಗೆ ಹಾಡು ಬರುತ್ತೆ ಅಂತ ಗೊತ್ತಾದ ಕೂಡಲೇ ಹಾರ್ಮೋನಿಯಂ ಪಕ್ಕ ಕೂರಿಸಲು ನೋಡುತ್ತಾರೆ. ಒಪ್ಪಬೇಡಿ. ಹಾಡಿಲ್ಲದ ಪಾತ್ರವನ್ನೇ ಕೇಳಿ. ನಾಲ್ಕು ಮಾತಿದ್ದರೂ ಆಯಿತು.

ತಾಲೀಮಿನಲ್ಲಿ ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ. ಹಾಡುವವರಿಗೆ ತಮ್ಮ ಸಾಲು ಯಾವಾಗ ಬರುತ್ತೆ ಅಂತ ಕಾಯುವ ಚಾಳಿ ಜಾಸ್ತಿ. ಎದುರಿನವರು ಇವತ್ತು ಸಿಟ್ಟಿನಿಂದ ಕೇಳಿದ ಪ್ರಶ್ನೆಯನ್ನೇ ನಾಳೆ ಮೆಲ್ಲಗೆ ಕೇಳಬಹುದು. ಆಗ ನಿಮ್ಮ ಉತ್ತರವೂ ಬದಲಾಗಬೇಕು ಅಲ್ವಾ? ಇದು ರೂಢಿಯಾದರೆ ಕಛೇರಿಯಲ್ಲಿ ತಬಲಾದವರು ಏನು ಮಾಡುತ್ತಿದ್ದಾರೆ ಅಂತಲೂ ಕಿವಿಗೆ ಬೀಳುತ್ತದೆ.

ಮನೆಯಲ್ಲಿ ಇದನ್ನು ಮಾಡಿ ನೋಡಿ. ದಾಸರ ಪದದಲ್ಲಿ ತಾಯಿ ಮಗುವನ್ನು ‘ಬಾರೋ’ ಅಂತ ಕರೆಯುವ ಸಾಲು ತಗೊಳ್ಳಿ. ಮೊದಲು ರಾಗ ಬಿಟ್ಟು ಸುಮ್ನೆ ಮಾತಿನಲ್ಲಿ ಕರೆಯಿರಿ. ಮಗು ಎಲ್ಲಿದೆ? ಬಾಗಿಲ ಹಿಂದೆ ಅಡಗಿದ್ದರೆ ದನಿಯಲ್ಲಿ ನಗು ಇರುತ್ತದೆ. ಬಾವಿಕಟ್ಟೆ ಹತ್ತಿರ ಹೋಗಿದ್ದರೆ ಗಾಬರಿ, ಆದರೂ ಮಗು ಬೆಚ್ಚಬಾರದು ಅಂತ ಅದನ್ನು ತಡೆದುಕೊಂಡಿರುತ್ತಾಳೆ. ಈಗ ಅದೇ ಸಾಲನ್ನು ಸ್ವರ ಬದಲಿಸದೆ ಹಾಡಿ. ‘ಬಾ’ ಮೇಲಿನ ಒತ್ತು, ‘ರೋ’ ಎಳೆಯುವ ರೀತಿ ಎರಡೂ ಬೇರೆಯಾಗುತ್ತವೆ. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ಸಂಗತಿ ಹಾಕಿ ಅಲಂಕಾರ ಮಾಡುವುದಕ್ಕಿಂತ ನನಗೆ ಇದು ದೊಡ್ಡದು.

ಒಂದು ಎಚ್ಚರಿಕೆ. ಕಲಿತ ಅಭಿನಯವನ್ನು ಕಛೇರಿಗೆ ಹೊತ್ತು ತರಬೇಡಿ. ಚಂದ್ರ ಅಂದಾಗ ಆಕಾಶ ತೋರಿಸೋದು, ಅಳು ಅಂದಾಗ ಕಣ್ಣು ಒರೆಸೋದು ಬೇಡವೇ ಬೇಡ. ಭಾವ ದನಿಯಲ್ಲಿರಲಿ. ಗಂಟಲಿನ ಬಗ್ಗೆಯೂ ನೋಡಿಕೊಳ್ಳಿ. ಕಿರುಚುವ ದೃಶ್ಯವಿದ್ದರೆ ದಿನವೂ ಪೂರ್ತಿ ದನಿಯಲ್ಲಿ ತಾಲೀಮು ಮಾಡುವುದಿಲ್ಲ ಅಂತ ನಿರ್ದೇಶಕರಿಗೆ ಮೊದಲೇ ಹೇಳಿ.

ರಂಗದ ಮೇಲೆ ಓಡಾಡಲು ತೀರಾ ನಾಚಿಕೆಯೇ? ಕರಾವಳಿ, ಮಲೆನಾಡಿನವರಿಗೆ ಯಕ್ಷಗಾನದ್ದೇ ಒಂದು ಬಗೆಯಾದ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ, ಕೂತೇ ಮಾತಾಡಬೇಕು. ಹಾಡುಗಾರರಾದ ಭಾಗವತರು ಪದ ಹಾಡಿದ ಮೇಲೆ ಅದರ ಅರ್ಥವನ್ನು ಪಾತ್ರವಾಗಿ ನೀವೇ ಮಾತು ಕಟ್ಟಿ ಹೇಳಬೇಕು. ಬರೆದಿಟ್ಟ ಮಾತು ಇರುವುದಿಲ್ಲ. ಹಾಗಾಗಿ ಪ್ರಸಂಗ, ಅಂದರೆ ಆವತ್ತಿನ ಕಥೆ, ಯಾವುದು ಅಂತ ಮೊದಲೇ ಕೇಳಿ, ಪದಗಳನ್ನು ಓದಿಕೊಂಡು ಹೋಗಿ. ಮೊದಲ ಸಲಕ್ಕೆ ದೂತನ ಪಾತ್ರ ಸಿಕ್ಕರೆ ಸಾಕು.