ಬಿಸ್ಮತ್ ಫೆರೈಟ್ ಫಿಲ್ಮಿನಲ್ಲಿ ಕರೆಂಟಿನ ದಿಕ್ಕು ತಿರುಗಿಸಿದ್ದು

ಪಿಎಚ್‌ಡಿಯ ಮೊದಲ ಒಂದೂವರೆ ವರ್ಷ ನಾನು ಒಂದೇ ವಿಷಯದ ಹಿಂದೆ ಬಿದ್ದಿದ್ದೆ. ಫೆರೋಎಲೆಕ್ಟ್ರಿಕ್ ವಸ್ತುವಿನೊಳಗೆ ಪ್ಲಸ್-ಮೈನಸ್ ಚಾರ್ಜುಗಳು ತಾವಾಗಿಯೇ ಒಂದು ದಿಕ್ಕಿಗೆ ಸರಿದಿರುತ್ತವೆ, ಅದೇ ಪೋಲರೈಸೇಶನ್; ವೋಲ್ಟೇಜ್ ಕೊಟ್ಟು ಅದನ್ನು ತಿರುಗಿಸಬಹುದು. ಅಂಥ ವಸ್ತುವಿನ ಫಿಲ್ಮಿನ (ತೆಳು ಪದರದ) ಮೇಲೆ ಬೆಳಕು ಬಿಟ್ಟರೆ ಕರೆಂಟ್ ಬರುತ್ತದೆ, ಪೋಲರೈಸೇಶನ್ ತಿರುಗಿಸಿದರೆ ಕರೆಂಟಿನ ದಿಕ್ಕೂ ತಿರುಗುತ್ತದೆ. ಸಿಲಿಕಾನ್ ಸೋಲಾರ್ ಸೆಲ್‌ನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಜಂಕ್ಷನ್ (ಎರಡು ಬಗೆಯ ಸಿಲಿಕಾನ್ ಸೇರುವ ಗಡಿ) ಯಾವ ಕಡೆ ಕಟ್ಟಿದ್ದೀರೋ ಕರೆಂಟೂ ಅದರ ಪ್ರಕಾರವೇ. ಬಿಸ್ಮತ್, ಕಬ್ಬಿಣ, ಆಮ್ಲಜನಕ ಸೇರಿದ ಬಿಸ್ಮತ್ ಫೆರೈಟ್ ಅಂಥದ್ದೊಂದು ಫೆರೋಎಲೆಕ್ಟ್ರಿಕ್. ಅದರ ಹರಳಿನಲ್ಲಿ ಇದನ್ನು 2009ರಲ್ಲಿ ತೋರಿಸಿದ್ದರು, 2010ರಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ಅದರ ತೆಳು ಫಿಲ್ಮಿನಿಂದ ಬ್ಯಾಂಡ್ ಗ್ಯಾಪ್‌ಗಿಂತ (ಎಲೆಕ್ಟ್ರಾನ್ ಬಿಡಿಸಿ ಹರಿಯುವಂತೆ ಮಾಡಲು ಬೇಕಾದ ಕನಿಷ್ಠ ಶಕ್ತಿ) ಜಾಸ್ತಿ ವೋಲ್ಟೇಜ್ ತೆಗೆದರು. ಓದಿದಾಗಿನಿಂದ ನನ್ನ ಕೈಯಲ್ಲೇ ಒಮ್ಮೆ ಅದು ತಿರುಗುವುದನ್ನು ನೋಡಬೇಕು ಅನ್ನಿಸಿಬಿಟ್ಟಿತ್ತು.

ಫಿಲ್ಮ್ ಮಾಡಿದ್ದು ಸೋಲ್-ಜೆಲ್ ದಾರಿಯಲ್ಲಿ, ಅಂದರೆ ದ್ರಾವಣವನ್ನು ಪದರ ಪದರವಾಗಿ ಹಚ್ಚಿ, ಒಣಗಿಸಿ, ಕಾಯಿಸುವುದು. ಬಿಸ್ಮತ್ ನೈಟ್ರೇಟ್, ಐರನ್ ನೈಟ್ರೇಟ್ ಎರಡನ್ನೂ 2-ಮೆಥಾಕ್ಸಿಎಥೆನಾಲ್‌ನಲ್ಲಿ ಕರಗಿಸಬೇಕು. ಇದು ವಿಷದ ದ್ರಾವಕ, ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆಯುವ ಕಪಾಟು) ಬಿಟ್ಟು ಹೊರಗೆ ತರಲೇಬೇಡಿ. ಬಿಸ್ಮತ್ ಕಾಯಿಸುವಾಗ ಹಾರಿಹೋಗುತ್ತದೆ, ಅದಕ್ಕೆ ಮೊದಲೇ ಶೇ 5 ಜಾಸ್ತಿ ಹಾಕುತ್ತಿದ್ದೆ. ಎಫ್‌ಟಿಒ (ಕರೆಂಟ್ ಹರಿಯುವ ಪಾರದರ್ಶಕ ಲೇಪ) ಇರುವ ಗಾಜಿನ ಮೇಲೆ ದ್ರಾವಣ ಹಾಕಿ 3000 ಆರ್‌ಪಿಎಂನಲ್ಲಿ 30 ಸೆಕೆಂಡ್ ಸ್ಪಿನ್, ಹಾಟ್ ಪ್ಲೇಟಿನಲ್ಲಿ ಒಣಗಿಸು, ಮತ್ತೆ ಸ್ಪಿನ್. ಹೀಗೆ ಎಂಟು ಪದರ ಆದರೆ ಸುಮಾರು 300 ನ್ಯಾನೋಮೀಟರ್. ಕೊನೆಗೆ 550 ಡಿಗ್ರಿಯಲ್ಲಿ ಕಾಯಿಸಿ, ಮೇಲಿನ ಎಲೆಕ್ಟ್ರೋಡ್ ಆಗಿ ಚಿಕ್ಕ ಚಿಕ್ಕ ಚಿನ್ನದ ಚುಕ್ಕೆಗಳು. ಮಳೆಗಾಲದಲ್ಲಿ ಮಾಡಿದ ಫಿಲ್ಮುಗಳು ಒಂದೂ ಉಳಿಯಲಿಲ್ಲ, ಗಾಳಿಯ ತೇವಕ್ಕೆ ಮಂಜು ಹಿಡಿದಂತಾಗಿ ಸಣ್ಣ ಸಣ್ಣ ತೂತು ಬಿದ್ದು, ಚಿನ್ನ ಆ ತೂತಿನಲ್ಲಿ ಇಳಿದು ಶಾರ್ಟ್ ಆಗುತ್ತಿತ್ತು.

ಫಿಲ್ಮ್ ಸರಿಯಾದ ಮೇಲೂ ಅಳತೆ ಸರಿಯಾಗಲಿಲ್ಲ. ಗಾಜಿನ ಕಡೆಯಿಂದ 405 ನ್ಯಾನೋಮೀಟರಿನ ನೇರಳೆ ಬೆಳಕು ಬಿಟ್ಟೆ. ಬಿಸ್ಮತ್ ಫೆರೈಟಿನ ಬ್ಯಾಂಡ್ ಗ್ಯಾಪ್ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್, ಹಾಗಾಗಿ ಅದಕ್ಕಿಂತ ಕಡಿಮೆ ಶಕ್ತಿಯ ಕೆಂಪು, ಹಸಿರು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಮಲ್ಟಿಮೀಟರ್ 30 ಮಿಲಿವೋಲ್ಟ್ ಕೂಡ ತೋರಿಸಲಿಲ್ಲ. ಎರಡು ವಾರ ಫಿಲ್ಮನ್ನೇ ದೂರಿಕೊಂಡು ಕೂತಿದ್ದೆ. ಆಮೇಲೆ ಲ್ಯಾಬಿನ ಸೀನಿಯರ್ ಅಕ್ಕ ಬಂದು, "ಮೀಟರಿನ ಒಳಗೆ ಎಷ್ಟು ರೆಸಿಸ್ಟೆನ್ಸ್ ಇದೆ ಅಂತ ನೋಡಿದ್ಯಾ?" ಅಂತ ಕೇಳಿದರು. 10 ಮೆಗಾ ಓಮ್. ನನ್ನ ಚುಕ್ಕೆಯಿಂದ ಬರುತ್ತಿದ್ದದ್ದೇ 2–3 ನ್ಯಾನೋ ಆಂಪಿಯರ್. ಗುಣಿಸಿ ನೋಡಿ, 30 ಮಿಲಿವೋಲ್ಟ್ ದಾಟುವುದೇ ಇಲ್ಲ, ಅಲ್ವಾ? ಮೀಟರೇ ವೋಲ್ಟೇಜನ್ನು ಕೆಳಗೆ ಎಳೆದಿತ್ತು. ಒಳಗಿನ ರೆಸಿಸ್ಟೆನ್ಸ್ ಇದಕ್ಕಿಂತ ತುಂಬಾ ಜಾಸ್ತಿ ಇರುವ ಎಲೆಕ್ಟ್ರೋಮೀಟರ್ ಹಚ್ಚಿದ ದಿನ ಅದೇ ಚುಕ್ಕೆ 0.3 ವೋಲ್ಟ್ ಹತ್ತಿರ ಕೊಟ್ಟಿತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಯಾಕೆಂದರೆ ಅದರಲ್ಲಿ ಖುಷಿಯಾಗಿ ಮೋಸ ಹೋಗಬಹುದು. ದೀಪ ಹಾಕಿದ ತಕ್ಷಣ ಕರೆಂಟ್ ಜೋರಾಗಿ ಏರುತ್ತದೆ, ನಾನು ಆ ತುದಿಯನ್ನೇ ಬರೆದಿಟ್ಟುಕೊಳ್ಳುತ್ತಿದ್ದೆ. ಆದರೆ ಫೆರೋಎಲೆಕ್ಟ್ರಿಕ್ ವಸ್ತುಗಳೆಲ್ಲ ಪೈರೋಎಲೆಕ್ಟ್ರಿಕ್ ಕೂಡ ಹೌದು, ಬೆಳಕಿನಿಂದ ಬಿಸಿಯಾಗುವಾಗಲೂ ಕರೆಂಟ್ ಬರುತ್ತದೆ. ಬಿಸಿ ಒಂದು ಮಟ್ಟಕ್ಕೆ ನಿಂತಮೇಲೆ ಅದು ಇಳಿಯುತ್ತದೆ, ದೀಪ ಆರಿಸಿದಾಗ ಉಲ್ಟಾ ಕಡೆಗೆ ಒಂದು ಸಲ ಜಿಗಿಯುತ್ತದೆ. ದೀಪ ಉರಿಯುವಷ್ಟು ಹೊತ್ತೂ ಇಳಿಯದೆ ಉಳಿಯುವ ಭಾಗ ಮಾತ್ರ ಬೆಳಕಿನದು. ಹಳೆಯ ಗ್ರಾಫುಗಳನ್ನೆಲ್ಲ ಮತ್ತೆ ತೆಗೆದು ಅರ್ಧಕ್ಕರ್ಧ ಬಿಸಾಡಬೇಕಾಯಿತು. ಬೇಜಾರಾಯಿತು, ಆದರೆ ಬೇರೆ ದಾರಿ ಇರಲಿಲ್ಲ.

ಕೊನೆಗೆ ಪೋಲಿಂಗ್, ಅಂದರೆ ವೋಲ್ಟೇಜ್ ಕೊಟ್ಟು ಪೋಲರೈಸೇಶನ್ ತಿರುಗಿಸುವುದು. 300 ನ್ಯಾನೋಮೀಟರ್ ಫಿಲ್ಮಿಗೆ 12 ವೋಲ್ಟ್ ಕೊಟ್ಟರೆ ಸೆಂಟಿಮೀಟರಿಗೆ 400 ಕಿಲೋವೋಲ್ಟ್ ಆಯಿತು, ನನ್ನ ಫಿಲ್ಮ್ ತಿರುಗಲು ಅಷ್ಟು ಸಾಕು. ಆದರೆ ತುಂಬಾ ಹೊತ್ತು ಹಿಡಿದರೆ ಲೀಕೇಜಿಗೆ ಚುಕ್ಕೆ ಸುಟ್ಟುಹೋಗುತ್ತದೆ, ಹಾಗಾಗಿ ಚಿಕ್ಕ ಪಲ್ಸುಗಳಲ್ಲಿ ಕೊಟ್ಟೆ. ಪ್ಲಸ್ ಕೊಟ್ಟು ಅಳೆದೆ, ಮೈನಸ್ ಕೊಟ್ಟು ಮತ್ತೆ ಅಳೆದೆ. ಕರೆಂಟ್ ಸೊನ್ನೆಯ ಆಚೆಗೆ ದಾಟಿತು! ಆ ರಾತ್ರಿ ಸುಮ್ನೆ ಹತ್ತು ಸಲ ತಿರುಗಿಸಿ ತಿರುಗಿಸಿ ನೋಡಿದೆ.

ಎರಡೂ ಕಡೆ ಸಮ ಬರಲಿಲ್ಲ, ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಅದರ ಅರ್ಧಕ್ಕಿಂತ ಕಡಿಮೆ. ಕೆಳಗೆ ಎಫ್‌ಟಿಒ, ಮೇಲೆ ಚಿನ್ನ, ಎರಡರ ಅಂಚಿನಲ್ಲೂ ಬೇರೆ ಬೇರೆ ತಡೆ ಇದ್ದು ಅದೂ ತನ್ನದೇ ವೋಲ್ಟೇಜ್ ಸೇರಿಸುತ್ತದೆ. ಪೋಲಿಂಗ್‌ಗೆ ಇದು ತಿರುಗುವುದಿಲ್ಲ. ಹಾಗಾಗಿ ಈಗ ನಾನು ಯಾವ ಚುಕ್ಕೆಯನ್ನೂ ಒಂದೇ ದಿಕ್ಕಿನಲ್ಲಿ ಅಳೆದು ಬಿಡುವುದಿಲ್ಲ. ಎರಡೂ ಅಳೆದು, ವ್ಯತ್ಯಾಸದ ಅರ್ಧವನ್ನು ಮಾತ್ರ ಪೋಲರೈಸೇಶನ್ ಲೆಕ್ಕಕ್ಕೆ ಬರೆಯುತ್ತೇನೆ.