ಮೋಡ ಕಟ್ಟುವ ದಿನಗಳಲ್ಲಿ ದಡದ ಗಾಳ: ಇಬ್ಬರು ಹೊರಡುವುದು ಹೇಗೆ?

ಅಕ್ಟೋಬರ್ ಬಂತೆಂದರೆ ಕರಾವಳಿಯ ಮನೆಗಳಲ್ಲಿ ಗಾಳದ ಕೋಲುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಜೂನ್, ಜುಲೈನಲ್ಲಿ ಅಬ್ಬರಿಸಿದ ಕಡಲು ಅಷ್ಟೊತ್ತಿಗೆ ತಣ್ಣಗಾಗಿರುತ್ತದೆ. ಆದರೆ ಹವೆಯನ್ನು ಮಾತ್ರ ನಂಬುವ ಹಾಗಿಲ್ಲ. ಬೆಳಿಗ್ಗೆ ಚುರುಗುಟ್ಟುವ ಬಿಸಿಲು, ಮೂರು ಗಂಟೆಗೆ ಘಟ್ಟದ ಮೇಲೆ ಕಪ್ಪು ಮೋಡ, ಐದಕ್ಕೆ ಗುಡುಗು. ಇಂಥ ದಿನಗಳಲ್ಲಿ ಗಾಳ ಹಾಕಲು ಹೋಗಲೇಬಾರದು ಅಂತ ನಾನು ಹೇಳುವುದಿಲ್ಲ. ಒಬ್ಬರೇ ಹೋಗಬೇಡಿ ಅನ್ನುತ್ತೇನೆ. ಜೊತೆಗೊಬ್ಬ ಗೆಳೆಯನಿರಲಿ, ಮತ್ತು ಯಾವಾಗ ವಾಪಸ್ ಬರಬೇಕು ಅನ್ನುವುದು ಮನೆ ಬಿಡುವ ಮೊದಲೇ ಇಬ್ಬರಿಗೂ ಗೊತ್ತಿರಲಿ. ಉಳಿದದ್ದೆಲ್ಲ ಕಲಿಯುತ್ತಾ ಬರುತ್ತದೆ.

ಎರಡು ಜಾಗ ಇಟ್ಟುಕೊಳ್ಳಿ

ಹವೆ ಕೈಕೊಡುವ ಕಾಲದಲ್ಲಿ ಒಂದೇ ಜಾಗ ನಂಬಿ ಹೋಗುವುದು ಸರಿಯಲ್ಲ. ಕುಂದಾಪುರದ ಕಡೆಯವರಿಗೆ ಈ ವಿಷಯದಲ್ಲಿ ಅದೃಷ್ಟ ಜಾಸ್ತಿ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ಹೊಳೆ. ಕಡಲು ಏರಿದರೆ ರಸ್ತೆ ದಾಟಿ ಹೊಳೆಗೆ ಹೋಗಬಹುದು. ಆ ಹೊಳೆ ಅಲ್ಲಿ ಕಡಲನ್ನು ಸೇರದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಗೆ ಹೋಗುತ್ತದೆ. ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳೂ ಅಲ್ಲೇ ಬಂದು ಸೇರುತ್ತವೆ. ಅದಕ್ಕೇ ಆ ನೀರಿಗೆ ಪಂಚಗಂಗಾವಳಿ ಅಂತ ಹೆಸರು. ಅಳಿವೆಯ ಒಂದು ಬದಿಗೆ ಗಂಗೊಳ್ಳಿ, ಇನ್ನೊಂದು ಬದಿಗೆ ಕೋಡಿ.

ಮರಳಿನ ದಡದಲ್ಲಿ ಕಾಣೆ ಮೀನು ಸಿಗುತ್ತದೆ. ಕಲ್ಲಿನ ಸಂದುಗಳಲ್ಲಿ ಮುರು, ಕೆಂಬೇರಿ. ಅಳಿವೆಯ ಕಲಕು ನೀರಿನಲ್ಲಿ ತೇಡೆ ಧಾರಾಳ. ಹೊಸಬರು ಮರಳಿನಿಂದ ಶುರು ಮಾಡುವುದು ಒಳ್ಳೆಯದು. ಕಲ್ಲಿನ ಮೇಲೆ ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಹಿಂದಿನ ರಾತ್ರಿ ನೋಡಬೇಕಾದದ್ದು

ಮೊಬೈಲಿನಲ್ಲಿ ಮಳೆಯ ಚಿತ್ರ ನೋಡಿ ಸುಮ್ನೆ ಆದರೆ ಸಾಲದು. ಭಾರತೀಯ ಹವಾಮಾನ ಇಲಾಖೆ ಜಿಲ್ಲೆಗೆ ಹಳದಿ ಎಚ್ಚರಿಕೆ ಕೊಟ್ಟಿದ್ದರೆ ಬೆಳಗಿನ ಹೊತ್ತು ಮಾತ್ರ ಹೋಗಿ ಬನ್ನಿ. ಕಿತ್ತಳೆ, ಕೆಂಪು ಇದ್ದರೆ ಮನೆಯಲ್ಲೇ ಇರಿ. ಇದರ ಜೊತೆಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಗಳ ಬಗ್ಗೆ ಕೊಡುವ ಮುನ್ಸೂಚನೆಯನ್ನೂ ನೋಡಿ. ಯಾಕೆಂದರೆ ಕೆಲವು ಸಲ ಇಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ, ಆದರೂ ದೊಡ್ಡ ಅಲೆಗಳು ದಡಕ್ಕೆ ನುಗ್ಗುತ್ತವೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದು, ಅದರ ಅಲೆಗಳು ದಿನಗಟ್ಟಲೆ ಸಾಗಿ ಇಲ್ಲಿಗೆ ತಲುಪಿರುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಆಕಾಶ ನೋಡಿದರೆ ಇದರ ಸುಳಿವೇ ಸಿಗುವುದಿಲ್ಲ.

ಮೂರನೆಯದು ಉಬ್ಬರ ಇಳಿತದ ಹೊತ್ತು. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಶನಿವಾರ ಬೆಳಿಗ್ಗೆ 7ಕ್ಕೆ ನೀರು ತುಂಬಿದರೆ ಭಾನುವಾರ 8ರ ಹತ್ತಿರ ತುಂಬುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜಾಸ್ತಿ, ಸೆಳೆತವೂ ಜಾಸ್ತಿ. ಮರಳಿನ ದಡದಲ್ಲಿ ನೀರು ಏರುವಾಗ, ತುಂಬುವುದಕ್ಕೆ ಎರಡು ಗಂಟೆ ಮೊದಲಿನಿಂದ ಗಾಳ ಹಾಕಿ. ಅಳಿವೆಯಲ್ಲಿ ನೀರು ಇಳಿಯಲು ಶುರುವಾದಾಗ ಸಣ್ಣ ಮೀನು, ಸಿಗಡಿ ಎಲ್ಲ ಹೊರಗೆ ಹರಿದು ಬರುತ್ತವೆ. ದೊಡ್ಡ ಮೀನು ಬಾಯಿ ತೆರೆದು ಕಾಯುವುದು ಆಗಲೇ.

ಬೆಳಗಿನ ಜಾವದ ಇನ್ನೊಂದು ಅನುಕೂಲ ಹೇಳಬೇಕು. ರಾತ್ರಿ ನೆಲ ತಣ್ಣಗಾಗಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರುತ್ತದೆ. ನಿಮ್ಮ ಬೆನ್ನಿಗೆ ಗಾಳಿ, ಎಸೆದ ಗಾಳ ದೂರ ಹೋಗುತ್ತದೆ, ಅಲೆಯೂ ಚಿಕ್ಕದು. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ಮುಖಕ್ಕೇ ಬರುತ್ತದೆ. ಆದ್ದರಿಂದ ಐದೂವರೆಗೆ ದಡದಲ್ಲಿದ್ದು ಹತ್ತೂವರೆಗೆ ಗಂಟುಮೂಟೆ ಕಟ್ಟುವುದು ಅಕ್ಟೋಬರಿಗೆ ಹೊಂದುವ ಲೆಕ್ಕ.

ಸಾಮಾನು ಮತ್ತು ಗಂಟು

ಒಂಬತ್ತು ಹತ್ತು ಅಡಿಯ ಕೋಲು, 4000 ಸೈಜಿನ ರೀಲು, ಸುಮಾರು 0.35 ಮಿಲಿಮೀಟರ್ ದಪ್ಪದ ತಂಗೂಸಿ (ನೈಲಾನ್ ದಾರ) ಸಾಕು. 40ರಿಂದ 80 ಗ್ರಾಂವರೆಗಿನ ಸೀಸದ ಗುಂಡುಗಳು ನಾಲ್ಕಾರು ಇರಲಿ. ಅಲೆ ಜಾಸ್ತಿಯಿದ್ದರೆ ಭಾರದ್ದು ಹಾಕಿ. ಕಾಣೆಯ ಬಾಯಿ ಚಿಕ್ಕದು, ಅದಕ್ಕೆ 4 ಅಥವಾ 6ನೇ ನಂಬರಿನ ಸಣ್ಣ ಗಾಳವೇ ಬೇಕು. ದೊಡ್ಡ ಗಾಳ ಹಾಕಿದರೆ ಎರೆಗೆ ಚುಚ್ಚಿದ ಸಿಗಡಿಯನ್ನು ತಿಂದು ಹೋಗುತ್ತದೆ, ಅಷ್ಟೇ.

ಹೊಸಬರು ಮೀನು ಕಳೆದುಕೊಳ್ಳುವುದು ಹೆಚ್ಚಾಗಿ ಗಂಟಿನಲ್ಲಿ. ತಂಗೂಸಿಯ ತುದಿಯನ್ನು ಗಾಳದ ಕಣ್ಣಿನೊಳಗೆ ತೂರಿಸಿ ಒಂದು ಗೇಣು ಈಚೆಗೆ ಎಳೆದುಕೊಳ್ಳಿ. ಆ ತುದಿಯನ್ನು ಮುಖ್ಯ ದಾರದ ಮೇಲೆ ಐದಾರು ಸುತ್ತು ಸುತ್ತಿ. ಗಾಳದ ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ. ತುದಿಯನ್ನು ಅದರೊಳಗೆ ಹಾಯಿಸಿ. ಈಗ ಪಕ್ಕಕ್ಕೆ ಇನ್ನೊಂದು ದೊಡ್ಡ ಕುಣಿಕೆ ಆಗುತ್ತದಲ್ಲ, ಅದರೊಳಗೂ ತೂರಿಸಿ. ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ ನಿಧಾನಕ್ಕೆ ಎಳೆಯಿರಿ. ಒಣಗಿದ್ದನ್ನು ರಭಸದಿಂದ ಎಳೆದರೆ ನೈಲಾನ್ ಉಜ್ಜಿ ಬಿಸಿಯಾಗುತ್ತದೆ, ಗಂಟು ಬಿದ್ದ ಜಾಗದಲ್ಲೇ ದಾರದ ಬಲ ಹೋಗುತ್ತದೆ. ಈ ಗಂಟನ್ನು ಮನೆಯ ದೀಪದ ಬೆಳಕಿನಲ್ಲಿ ಕಣ್ಣು ಮುಚ್ಚಿ ಹಾಕುವಷ್ಟು ರೂಢಿಸಿಕೊಳ್ಳಿ. ಕತ್ತಲಲ್ಲಿ, ಗಾಳಿಯಲ್ಲಿ, ಒದ್ದೆ ಕೈಯಲ್ಲಿ ಹಾಕಬೇಕಾಗುತ್ತದೆ.

ಸೀಸವನ್ನು ದಾರದ ತುದಿಗೆ ಕಟ್ಟಿ. ಗಾಳ ಅದಕ್ಕಿಂತ ಒಂದೂವರೆ ಗೇಣು ಮೇಲೆ, ಪಕ್ಕಕ್ಕೆ ಕಟ್ಟಿದ ತುಂಡು ದಾರದಲ್ಲಿರಲಿ. ಕಲ್ಲಿನ ಕಡೆ ಹೋಗುವುದಾದರೆ ಸೀಸವನ್ನು ತೆಳು ದಾರದಲ್ಲಿ ಕಟ್ಟಿ. ಸಂದಿಯಲ್ಲಿ ಸಿಕ್ಕಿಕೊಂಡರೆ ಆ ತೆಳು ದಾರ ಮಾತ್ರ ತುಂಡಾಗುತ್ತದೆ. ಗಾಳ, ಅದಕ್ಕೆ ಬಿದ್ದ ಮೀನು ಎರಡೂ ಉಳಿಯುತ್ತವೆ.

ಎರೆಗೆ ಸಿಗಡಿಯಷ್ಟು ಒಳ್ಳೆಯದು ಬೇರೆ ಇಲ್ಲ. ಹಿಂದಿನ ದಿನವೇ ಮೀನು ಮಾರ್ಕೆಟ್ಟಿನಲ್ಲಿ ತಾಜಾ ಸಣ್ಣ ಚಟ್ಲಿ ತಂದು ಐಸಿನಲ್ಲಿಡಿ. ತಲೆ ತೆಗೆದು, ಬಾಲದ ಕಡೆಯಿಂದ ಗಾಳ ಚುಚ್ಚಿ, ಬೆನ್ನಿನ ಬಾಗಿಗೆ ಸರಿಯಾಗಿ ಒಳಗೇ ಹಾಯಿಸಿ, ಮೊನೆ ಸ್ವಲ್ಪ ಹೊರಗೆ ಕಾಣುವಂತೆ ಬಿಡಿ. ಮೊನೆ ಮುಚ್ಚಿದ್ದರೆ ಮೀನಿನ ತುಟಿಗೆ ಹತ್ತುವುದಿಲ್ಲ. ನೀರು ಕೆಂಪಗೆ ಕಲಕಿದ್ದರೆ ವಾಸನೆ ಬರುವ ಬೂತಾಯಿ ಮೀನಿನ ತುಂಡು ಹಾಕಿ.

ನೀರು ಓದುವುದು

ದಡ ಮುಟ್ಟಿದ ಕೂಡಲೇ ಗಾಳ ಎಸೆಯಬೇಡಿ. ಕೋಲು ಕೆಳಗಿಟ್ಟು ಕಾಲು ಗಂಟೆ ಅಲೆ ನೋಡಿ. ಬಿಳಿ ನೊರೆ ಏಳುವ ಕಡೆ ಕೆಳಗೆ ಮರಳಿನ ದಿಬ್ಬ ಇದೆ ಅಂತ ಅರ್ಥ. ದಿಬ್ಬಕ್ಕೂ ದಡಕ್ಕೂ ನಡುವೆ ನೊರೆ ಕಡಿಮೆ ಇರುವ, ಸ್ವಲ್ಪ ಕಪ್ಪಾಗಿ ಕಾಣುವ ಪಟ್ಟಿ ಇರುತ್ತದೆ. ಅಲ್ಲಿ ಆಳ ಇದೆ, ಮೀನು ಓಡಾಡುವ ದಾರಿ ಅದು. ಗಾಳ ಅಲ್ಲಿಗೆ ಬೀಳಬೇಕು. ಎಷ್ಟೋ ಜನ ಬಲ ಹಾಕಿ ದೂರ ಎಸೆದು, ಕಾಲ ಬುಡದಲ್ಲಿರುವ ಕಾಣೆಯನ್ನು ದಾಟಿಸಿಬಿಡುತ್ತಾರೆ.

ಇದನ್ನು ಇನ್ನೊಂದು ಕಾರಣಕ್ಕೂ ಗುರುತಿಸಿಕೊಳ್ಳಿ. ಎರಡು ಕಡೆ ಅಲೆ ಒಡೆಯುತ್ತಿದ್ದು, ನಡುವೆ ಕಡಲಿನ ಕಡೆಗೇ ಹೋಗುವ ಶಾಂತವಾದ ಕಪ್ಪು ಪಟ್ಟಿ ಕಂಡರೆ ಅದು ಸೆಳೆತ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ. ಮೀನಿಗೆ ಒಳ್ಳೆಯ ಜಾಗ, ಮನುಷ್ಯನಿಗೆ ತೀರಾ ಕೆಟ್ಟದ್ದು. ಅಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯಲೇಬೇಡಿ. ಸಿಕ್ಕಿಬಿದ್ದರೆ ದಡಕ್ಕೆ ನೇರವಾಗಿ ಈಜಬಾರದು. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ಬರಬೇಕು.

ಕಾಣೆ ಕಚ್ಚಿದರೆ ಕೋಲಿನ ತುದಿ ಟಕ್ ಟಕ್ ಅನ್ನುತ್ತದೆ. ಜೋರಾಗಿ ಜಗ್ಗಬೇಡಿ, ಕೋಲು ಎತ್ತಿ ದಾರ ಬಿಗಿ ಮಾಡಿದರೆ ಸಾಕು. ಅಲೆ ದಡಕ್ಕೆ ಬರುವಾಗ ರೀಲು ಸುತ್ತಿ, ಅಲೆ ಹಿಂದೆ ಹೋಗುವಾಗ ಸುಮ್ಮನೆ ಹಿಡಿದು ನಿಲ್ಲಿ. ದಾರ ತುಂಡಾಗುವುದು ಹಿಂದೆ ಸರಿಯುವ ಅಲೆಯ ಎದುರು ಎಳೆದಾಗ.

ಗೆಳೆಯನ ಕೆಲಸ

ಇಬ್ಬರೂ ಕೋಲಿನ ತುದಿಯನ್ನೇ ನೋಡುತ್ತಾ ನಿಂತರೆ ಜೊತೆಗೆ ಹೋಗಿ ಏನು ಪ್ರಯೋಜನ? ಸರದಿಯ ಮೇಲೆ ಒಬ್ಬರು ಆಕಾಶ, ಅಲೆ ನೋಡಬೇಕು. ಕಲ್ಲಿನ ಮೇಲಂತೂ ಒಂದು ಸಲಕ್ಕೆ ಒಬ್ಬರೇ ಗಾಳ ಹಾಕಿ. ಇನ್ನೊಬ್ಬರು ಹಿಂದೆ, ಎತ್ತರದಲ್ಲಿ ನಿಲ್ಲಲಿ. ಐದು ಲೀಟರಿನ ಖಾಲಿ ಕ್ಯಾನಿನ ಮುಚ್ಚಳ ಬಿಗಿದು ಅದಕ್ಕೆ ಹದಿನೈದು ಮೀಟರ್ ಹಗ್ಗ ಕಟ್ಟಿ ಕೈಯಲ್ಲಿಟ್ಟುಕೊಳ್ಳಲಿ. ಬಿದ್ದವರ ಹಿಂದೆ ಹಾರಬಾರದು, ಕ್ಯಾನ್ ಎಸೆಯಬೇಕು. ಕೂಡಲೇ 112ಕ್ಕೆ ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಫೋನ್ ಮಾಡಬೇಕು.

ಆಕಾಶ ನೋಡುವುದೆಂದರೆ ಬರೀ ಕಡಲಿನ ಕಡೆ ನೋಡುವುದಲ್ಲ. ಜೂನ್‌ನ ಮಳೆ ಕಡಲಿನಿಂದ ಬರುತ್ತದೆ. ಅಕ್ಟೋಬರಿನ ಗುಡುಗು ಮಳೆ ಹೆಚ್ಚಾಗಿ ಘಟ್ಟದ ಮೇಲೆ ಕಟ್ಟಿ ಪೂರ್ವದಿಂದ ಬರುತ್ತದೆ, ಅಂದರೆ ನಿಮ್ಮ ಬೆನ್ನ ಹಿಂದಿನಿಂದ. ಮುಂದೆ ಕಡಲು ಬಿಸಿಲಲ್ಲಿ ಹೊಳೆಯುತ್ತಿರುವಾಗ ಹಿಂದೆ ತೆಂಗಿನ ತೋಟದ ಮೇಲೆ ಮೋಡ ಗೋಪುರದ ಹಾಗೆ ಏರಿರುತ್ತದೆ. ಸೆಕೆಯ ನಡುವೆ ಇದ್ದಕ್ಕಿದ್ದಂತೆ ಪೂರ್ವದಿಂದ ತಣ್ಣನೆ ಗಾಳಿ ಬೀಸಿದರೆ ಮಳೆ ಬಾಗಿಲಿಗೇ ಬಂತು ಅಂತ ತಿಳಿಯಿರಿ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ಮಿಂಚು ಹತ್ತು ಕಿಲೋಮೀಟರ್ ಒಳಗಿದೆ, ಅಷ್ಟು ದೂರಕ್ಕೂ ಸಿಡಿಲು ಹೊಡೆಯಬಲ್ಲದು. ಬಯಲು ದಡದಲ್ಲಿ ನಿಮಗಿಂತ ಎತ್ತರ ಏನೂ ಇಲ್ಲ, ಕೈಯಲ್ಲಿ ಹತ್ತಡಿ ಕೋಲು ಬೇರೆ. ಕಾರ್ಬನ್ ಫೈಬರ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಕೋಲು ಅಲ್ಲೇ ಮಲಗಿಸಿ, ಕಾರಿನೊಳಗೆ ಕೂತು ಗಾಜು ಏರಿಸಿ, ಇಲ್ಲವೇ ಪಕ್ಕಾ ಕಟ್ಟಡ ಸೇರಿ. ತೆಂಗಿನ ಮರದ ಬುಡ, ಗೂಡಂಗಡಿಯ ತಗಡಿನ ಮಾಡು ಬೇಡವೇ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಹೊರಗೆ ಬನ್ನಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಹಾಕಿಕೊಂಡಿರಿ. ಕಿವಿಗೆ ಕೆಲಸ ತಪ್ಪದು. ಹೊಳೆ ಬದಿಗೆ ಹೋದರೂ ಸಿಡಿಲಿನ ಲೆಕ್ಕ ಇದೇ. ರಸ್ತೆ ದಾಟುವುದು ಅಲೆಗೆ ಉಪಾಯ, ಮಿಂಚಿಗಲ್ಲ.

ಮನೆಯಲ್ಲೇ ಇಬ್ಬರೂ ಒಪ್ಪಿಕೊಳ್ಳಬೇಕಾದದ್ದು ಇಷ್ಟು: ಗುಡುಗು ಕೇಳಿದರೆ ಹೊರಡುವುದು. ಬ್ಯಾಗ್ ಇಟ್ಟ ಜಾಗ ಅಲೆಗೆ ಒದ್ದೆಯಾದರೆ ಹೊರಡುವುದು. ಇಬ್ಬರಲ್ಲಿ ಯಾರೇ ಆಗಲಿ "ಮಾರಾಯ, ಸಾಕ್, ಹೋಪ" ಅಂದರೆ ಇನ್ನೊಬ್ಬರು ಮಾತಿಲ್ಲದೆ ರೀಲು ಸುತ್ತುವುದು. ಮೀನು ಕಚ್ಚುತ್ತಿರುವಾಗ ಇದು ಕಷ್ಟ, ಅಲ್ವಾ? ಅದಕ್ಕೇ ಮೊದಲೇ ಮಾತಾಡಿಕೊಳ್ಳಬೇಕು. ಆ ಹೊತ್ತಿನಲ್ಲಿ ಕೂತು ಚರ್ಚೆ ಮಾಡಲು ಬಿಡುವು ಇರುವುದಿಲ್ಲ.

ಮೀನು ಕೈಗೆ ಬಂದ ಮೇಲೆ

ತೇಡೆಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಬೆನ್ನ ಮೇಲೆ ಒಂದು, ಎರಡು ಪಕ್ಕದಲ್ಲಿ ಒಂದೊಂದು ವಿಷದ ಮುಳ್ಳು ಇರುತ್ತವೆ. ಒದ್ದೆ ಬಟ್ಟೆ, ಇಕ್ಕಳ ಬೇಕೇ ಬೇಕು. ತೊರಕೆ ಮೀನಿನ ಬಾಲದಲ್ಲೂ ಮುಳ್ಳಿದೆ. ಚುಚ್ಚಿದರೆ ಸುಡದಷ್ಟು, ಆದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಗಾಯವನ್ನು ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿಡಿ, ನೋವು ಇಳಿಯುತ್ತದೆ. ಆಮೇಲೆ ಡಾಕ್ಟರಿಗೆ ತೋರಿಸಿ. ಹಿಡಿದ ಕೂಡಲೇ ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಸಿಕ್ಕಿದರೆ ಬಿಟ್ಟುಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಅಂಗೈಗಿಂತ ಚಿಕ್ಕದನ್ನು ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಡಿ. ಇಟ್ಟುಕೊಳ್ಳುವುದನ್ನು ಆಗಲೇ ಕೊಂದು, ಕರುಳು ತೆಗೆದು, ಥರ್ಮಾಕೋಲ್ ಡಬ್ಬಿಯಲ್ಲಿ ಮೀನಿನಷ್ಟೇ ತೂಕದ ಐಸಿನಲ್ಲಿ ಹುಗಿಯಿರಿ. ಬಂಗುಡೆ ಸಿಕ್ಕಿದರಂತೂ ಒಂದು ಕ್ಷಣವೂ ಬಿಸಿಲಲ್ಲಿ ಇಡಬೇಡಿ. ಬಿಸಿಯಲ್ಲಿ ಅದರ ಮಾಂಸದಲ್ಲಿ ಹಿಸ್ಟಮಿನ್ ಆಗುತ್ತದೆ, ಅದು ಎಷ್ಟು ಹುರಿದರೂ ಹೋಗುವುದಿಲ್ಲ, ತಿಂದವರ ಮೈಯೆಲ್ಲಾ ಕೆಂಪಾಗುತ್ತದೆ.

ತುಂಡಾದ ತಂಗೂಸಿಯನ್ನು ಮರಳಲ್ಲಿ ಬಿಡಬೇಡಿ. ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಇದೇ ಕುಂದಾಪುರದ ಮರಳಿಗೆ ಕಡಲಾಮೆಗಳೂ ಮೊಟ್ಟೆ ಇಡಲು ಬರುತ್ತವೆ. ಒಂದು ಖಾಲಿ ಬಾಟಲಿಗೆ ತುಂಬಿ ಮನೆಗೆ ತನ್ನಿ.

ಮನೆಗೆ ಬಂದವರು ಮೀನಿಗಿಂತ ಮೊದಲು ರೀಲನ್ನು ಸಿಹಿ ನೀರಿನಲ್ಲಿ ತೊಳೆಯಿರಿ. ನಲ್ಲಿಯನ್ನು ಜೋರಾಗಿ ಬಿಡಬೇಡಿ, ಉಪ್ಪು ಒಳಗೆ ನುಗ್ಗುತ್ತದೆ. ತೆಳುವಾಗಿ ನೀರು ಹರಿಸಿ, ಒರೆಸಿ, ನೆರಳಲ್ಲಿ ಒಣಗಿಸಿ. ದಾರದ ಕೊನೆಯ ಎರಡು ಮೀಟರನ್ನು ಬೆರಳ ನಡುವೆ ಹಾಯಿಸಿ ನೋಡಿ. ತರಕಲು ತಾಗಿದರೆ ಅಲ್ಲಿಗೆ ಕತ್ತರಿಸಿ ಹೊಸ ಗಂಟು ಹಾಕಿ.